ದಫೇದಾರರು ಹುಟ್ಟಿಸಿದ ದೇವರು

ಗಾಡಿ ಹೊಡೆಯೋರಿಗೆ ಎರಡು ಕಾಟ ತಪ್ಪಿದ್ದಲ್ಲ ನೋಡ್ರಿ. ಒಂದು ಪಂಕ್ಚರು, ಇನ್ನೊಂದು ಪೊಲೀಸು. ಪಂಕ್ಚರಾದ್ರ ಗಾಲಿಯ ಗಾಳಿ ಅಷ್ಟ ಹೋಗತೈತಿ, ಪೊಲೀಸ್ರು ಕೈ ಅಡ್ಡ ಹಿಡಿದ್ರ ಡ್ರೈವರಂದೂ ಹೋಗತೈತಿ. ಎಂಬತ್ತರ ಆಸುಪಾಸಿನಾಗ ನಾನು ಕೊಟ್ಟೂರಿನ ಶೇಂಗಾ ವ್ಯಾಪಾರಿಯೊಬ್ಬರ ಬಾಡಿಗಿ ಜೀಪು ಹೊಡೀತಿದ್ದೆ. ದಿನಾ ಕೊಟ್ಟೂರಿಂದ ಕೂಡ್ಲಿಗಿ, ಸಂತಿ ಇದ್ರ ಹಗರಿಬೊಮ್ಮನಹಳ್ಳಿ, ಲಗ್ನದ ಸೀಸನ್ನಿನಾಗ ಹರಪನಹಳ್ಳಿ, ಹಡಗಲಿ. ಹಿಂಗ ಆರು ವರ್ಷ. ಆ ಆರು ವರ್ಷದಾಗ ಹೆಂಡ್ತಿ ಮುಖಕ್ಕಿಂತ ಹೆಚ್ಚು ನಾನು ನೋಡಿದ್ದು ಒಬ್ಬ ದಫೇದಾರರ ಮುಖ.

ಕೂಡ್ಲಿಗಿ ದಾರ್ಯಾಗ ಒಂದು ಹುಣಸಿಮರದ ಕ್ರಾಸ್ ಇತ್ತು. ಮರದ ಕೆಳಗ ದಫೇದಾರರು, ಅವರ ಮಗ್ಗಲಕ್ಕ ಮಂಡಕ್ಕಿ-ಮಿರ್ಚಿ ಮಾರೋ ಒಬ್ಬಾಕಿ ಅಜ್ಜಿ. ದಫೇದಾರರ ಹೆಸರೇನು, ಯಾವ ಠಾಣೆ ಅಂತ ಕೇಳಬ್ಯಾಡ್ರಿ. ಅವರ ಮೊಮ್ಮಕ್ಕಳು ಈಗ ಒಳ್ಳೊಳ್ಳೆ ನೌಕರ್ಯಾಗ ಅದಾರ. ಮನುಷ್ಯಾನೂ ಕೆಟ್ಟೋರೇನಲ್ಲ. ಬೈತಿದ್ದಿಲ್ಲ, ಹೊಡೀತಿದ್ದಿಲ್ಲ. ಕೈಯಾಗ ನೋಟು ಇಟ್ರ ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ನೋಡಿ, ಮುಷ್ಟಿ ಮುಚ್ಚಿ ಕಿಸೇಕ ಇಳಿಸೋರು, ಅಷ್ಟ. ಬಟಾಬಯಲು, ನಡು ಮಧ್ಯಾಹ್ನ, ಜೀಪಿನ ಮಂದಿಯೆಲ್ಲ ಕಣ್ಣು ಬಿಟ್ಕಂಡು ನೋಡಾಕತ್ತಿರ್ತಿದ್ರು. ಆದ್ರೂ ಆ ಕಡೆ ಈ ಕಡೆ ನೋಡೋದು ಮಾತ್ರ ತಪ್ಪಿಸ್ತಿದ್ದಿಲ್ಲ.

೧. ಹತ್ತೊಂಬತ್ತನೆಯವರು

ಒಂದ್ಸಲ ಬಾಗಳಿಯ ಲಗ್ನದ ಮಂದೀನ ತುಂಬಿಕಂಡು ಕೂಡ್ಲಿಗಿಗೆ ಹೊಂಟಿದ್ದೆ. ಹೆಂಗ ತುಂಬಿದ್ದೆ ಅಂದ್ರ, ಗೇರು ಹಾಕಬೇಕಾದ್ರ "ಸ್ವಲ್ಪ ಮೊಣಕಾಲು ಸರಸ್ರಿ ಕಾಕಾ" ಅಂತ ಕೇಳಬೇಕಿತ್ತು. ಕ್ರಾಸಿನಾಗ ದಫೇದಾರರು ಕೈ ಮಾಡಿದ್ರು.

"ಎಷ್ಟು ಮಂದಿ ಲೇ?"

"ಎಂಟು ಮಂದಿರಿ ಸಾಹೇಬ್ರ."

ಮುಂದಿನ ಸೀಟಿನಾಗ ಹೆಣ್ಣಿನ ಕಡೆಯ ಹಿರಿಯರೊಬ್ಬರು ಕುಂತಿದ್ರು. ಅವರಿಗೆ ಕಣ್ಣು ಮಂಜು. ದಫೇದಾರರು ಬೀಗರ ಕಡೆಯವರು, ಎದುರುಗೊಂಡು ಊಟದ ಎಲಿ ಲೆಕ್ಕ ಮಾಡಾಕ ಬಂದಾರ ಅಂತ ತಿಳ್ಕಂಡುಬಿಟ್ರು. ನನ್ನ ಮ್ಯಾಲ ಹರಿಹಾಯ್ದ್ರು. "ಏ, ಏನು ಎಂಟು ಅಂತೀಯೋ? ಎಲಿ ಕಮ್ಮಿ ಬಿದ್ರ ಮರ್ಯಾದಿ ಯಾರದು ಹೋಗತೈತಿ? ಬರಕೊಳ್ರಿ ಸಾಹೇಬ್ರ, ಒಳಗ ಹದಿನಾರು. ಮ್ಯಾಲ ಕ್ಯಾರಿಯರಿನಾಗ ಇಬ್ರು ಕುಂತಾರ, ಅವರನ್ನ ಮರೀಬ್ಯಾಡ್ರಿ. ಹದಿನೆಂಟು!"

ನಾನು ಸ್ಟೇರಿಂಗಿಗೆ ಹಣಿ ಬಡಕೊಂಡೆ. ದಫೇದಾರರು ತಲಿಗೆ ನಾಕಾಣೆ ಹಾಕಿ, ಆ ಕಡೆ ಈ ಕಡೆ ನೋಡಿ ಕಿಸೇಕ ಇಳಿಸಿದ್ರು. ಆಮ್ಯಾಲ ಏನಂದ್ರು ಗೊತ್ತೇನ್ರಿ? "ನಾನೂ ಕೂಡ್ಲಿಗಿಗೆ ಬರಬೇಕು, ಸರೀರಿ ಸ್ವಲ್ಪ" ಅಂತ ಒಳಗ ತೂರಿಕಂಡ್ರು. ಅರ್ಧ ಮೈಲಿ ಹಿರಿಯರು ಬೆರಳು ಎಣಿಸಿಕೋತ ಕುಂತಿದ್ರು.

"ಸಾಹೇಬ್ರ, ಈಗ ಹತ್ತೊಂಬತ್ತಾತು. ಈ ಹೆಚ್ಚಿನ ನಾಕಾಣೆ ಯಾರು ಕೊಡಬೇಕ್ರಿ?"

೨. ಬೀಗತನದ ಎರಡು ರೂಪಾಯಿ

ಹರಪನಹಳ್ಳಿಯಿಂದ ಒಂದು ಕುಟುಂಬ ಹೆಣ್ಣು ನೋಡಾಕ ಹೊಂಟಿತ್ತು. ಹೆಣ್ಣುಮಕ್ಕಳು ನನ್ನ ಜೀಪಿನಾಗ, ಹುಡುಗನ ಅಪ್ಪ ಮುಂದ ಸ್ಕೂಟರಿನಾಗ. ದೂಳಿಗೆ ಮುಖಕ್ಕೆಲ್ಲ ಟವೆಲ್ ಸುತ್ತಿಕಂಡು, ಎರಡು ಕಣ್ಣಷ್ಟ ಕಾಣಿಸ್ತಿದ್ವು. ಕ್ರಾಸಿನಾಗ ದಫೇದಾರರು ಅವರನ್ನ ನಿಲ್ಲಿಸಿ, "ಮುಖ ಮುಚ್ಚಿಕಂಡು ಗಾಡಿ ಹೊಡಿಯೋದು ಅಪರಾಧ" ಅಂತ ಎರಡು ರೂಪಾಯಿ ಇಸ್ಗಂಡ್ರು. ಅಂಥಾ ಕಾನೂನು ಯಾವ ಪುಸ್ತಕದಾಗ ಐತಿ ಅಂತ ನಾನಂತೂ ಇವತ್ತಿನವರೆಗೂ ಹುಡುಕಾಕತ್ತೀನಿ.

ಸಂಜಿ ಮುಂದ ಹೆಣ್ಣಿನ ಮನಿ ಮುಂದ ಜೀಪು ನಿಲ್ಲಿಸಿದೆ. ಬಾಗಿಲಿಗೆ ಬಂದೋರು ಯಾರು ಅಂತೀರಿ? ಟೊಪ್ಪಿಗಿ ಇಲ್ಲ, ಬೆಲ್ಟ್ ಇಲ್ಲ, ಬಿಳಿ ಪಂಚೆ ಉಟ್ಟು, ಹಲ್ಲು ಕಿಸಿದು "ಬರ್ರಿ ಬರ್ರಿ" ಅಂತ ಕೈ ಮುಗೀತಿದ್ರು ನಮ್ಮ ದಫೇದಾರರು! ಹುಡುಗನ ಅಪ್ಪ ಕೈಕಾಲು ಮುಖ ತೊಳಕಂಡು, ಟವೆಲ್ಲಿನಾಗ ವರಸಿಕೋತ ಅವರನ್ನ ದಿಟ್ಟಿಸಿ ನೋಡಿದ್ರು. ದಫೇದಾರರು ಆ ಟವೆಲ್ ದಿಟ್ಟಿಸಿ ನೋಡಿದ್ರು. ನಾನು ಜೀಪಿನ ಹಿಂದ ಹೋಗಿ ಬಾಯಿಗೆ ಕೈ ಅಡ್ಡ ಹಿಡಕೊಂಡೆ.

ಉಪ್ಪಿಟ್ಟು ಆತು, ಚಾ ಆತು, ಹುಡುಗಿ ಒಪ್ಪಿಗಿ ಆದ್ಲು. ಕೊಡೋದು ತಗಳೋದು ಏನು ಅಂತ ಮಾತು ಬಂತು. ಹುಡುಗನ ಅಪ್ಪ ನಿಧಾನಕ್ಕ ಹೇಳಿದ್ರು: "ವರದಕ್ಷಿಣಿ ನಮಗೇನೂ ಬ್ಯಾಡ್ರಿ. ಮಧ್ಯಾಹ್ನ ಇಸ್ಗಂಡಿದ್ದು ವಾಪಸ್ ಕೊಟ್ರ ಸಾಕು."

ಲಗ್ನ ಚೆನ್ನಾಗೇ ಆತು. ಆ ಎರಡು ರೂಪಾಯಿ ಮಾತ್ರ ಬರಲಿಲ್ಲಂತ.

೩. ಮಾಸ್ತರ ರಶೀದಿ

ಕಾನಹೊಸಹಳ್ಳಿ ಕಡೆ ಸಾಲಿಯ ಮಾಸ್ತರೊಬ್ಬರು ಮೊಪೆಡ್ ಇಟ್ಕಂಡಿದ್ರು. ಗಂಟಲು ದೊಡ್ಡದು, ಆಳು ಮಾತ್ರ ಕಡ್ಡಿ. ನಾನು ಮಿರ್ಚಿ ತಿನ್ನಾಕ ಅಜ್ಜಿ ಅಂಗಡಿ ಮುಂದ ನಿಂತಿದ್ದಾಗ ಅವರು ಸಿಕ್ಕಿಬಿದ್ರು.

"ಲೈಟ್ ಹತ್ತಂಗಿಲ್ಲ ನಿಮ್ಮದು" ಅಂದ್ರು ದಫೇದಾರರು.

"ಮಧ್ಯಾಹ್ನ ಹನ್ನೆರಡು ಗಂಟಿ ಐತ್ರಿ."

"ಕತ್ತಲಾಗೋದೇ ಇಲ್ಲೇನು ನಿಮ್ಮೂರಾಗ? ಎರಡು ರೂಪಾಯಿ ತಗೀರಿ."

ಮಾಸ್ತರು ತೆಗೆದ್ರು. ತೆಗೆದೋರು ಕೊಡವಲ್ರು. "ರಶೀದಿ ಕೊಡ್ರಿ. ರಶೀದಿ ಇಲ್ದ ನಾನು ನಮ್ಮಪ್ಪಗೂ ಕೊಟ್ಟಿಲ್ಲ."

ದಫೇದಾರರಿಗೆ ರೇಗಿತು. "ಏನ್ ಮಾಸ್ತರ, ದೇವರಿಗೆ ಕಾಣಿಕಿ ಹಾಕಿ ರಶೀದಿ ಕೇಳ್ತೀರೇನು? ಹಂಗ ಇದು!"

ಅಜ್ಜಿ ಮಿರ್ಚಿ ತಿರುವೋದು ಬಿಟ್ಟು ಈ ಮಾತು ಕೇಳಿದ್ಲು. ಮಾಸ್ತರು ಅಲ್ಲೇ ಕುಂತು, ಆಕಿ ಮಂಡಕ್ಕಿ ಕಟ್ಟೋ ಕಾಗದದ ಮ್ಯಾಲ, ನಾಕು ಪುಟ ಅರ್ಜಿ ಬರದು ಮ್ಯಾಲಿನವರಿಗೆ ಕಳಿಸಿದ್ರು. ಹದಿನೈದು ದಿನಕ್ಕ ಬಳ್ಳಾರಿಯಿಂದ ದೊಡ್ಡ ಸಾಹೇಬ್ರು ಬಂದ್ರು. ದಫೇದಾರರನ್ನ ಮರದ ಕೆಳಗ ನಿಲ್ಲಿಸಿ ಗದರಿಸಿದ್ರು: "ಇನ್ನೊಮ್ಮೆ ರೊಕ್ಕ ಕೈಲೆ ಮುಟ್ಟಿದ್ದು ಕಂಡ್ರ, ಕೇಸು ಬರೀದ ಲೈಸೆನ್ಸ್ ಹಿಡಿದಿದ್ದು ಕಂಡ್ರ, ಬಟ್ಟಿ ಬಿಚ್ಚಿಸ್ತೀನಿ."

ದಫೇದಾರರು ಎರಡು ದಿನ ಊಟ ಬಿಟ್ಟಂಗ ಇದ್ರು. ಮೂರನೇ ದಿನ ಮುಖ ಅರಳಿತ್ತು. ನನ್ನ ಕರೆದು, "ಕೈಲೆ ಮುಟ್ಟಬಾರದು ಅಂತ ತಾನೇ ಅಂದಾರ?" ಅಂದ್ರು.

೪. ಹದಿನಾಕಪ್ಪ

ಮರದ ಬುಡದಾಗ ಕಿತ್ತು ಬಿದ್ದಿದ್ದ ಒಂದು ಮೈಲಿಗಲ್ಲಿತ್ತು. 'ಕೂಡ್ಲಿಗಿ ೧೪' ಅಂತ ಬರೆದಿತ್ತು. ದಫೇದಾರರು ಅದನ್ನ ನೆಟ್ಟಗ ನಿಲ್ಲಿಸಿ, ಅರಿಶಿಣ ಬಳದು, ಕುಂಕುಮ ಹಚ್ಚಿ, ಮುಂದ ಒಂದು ಎಣ್ಣಿ ಡಬ್ಬಿ ಇಟ್ರು. ಊರಿನ ಹೆಸರು ಅರಿಶಿಣದಾಗ ಮುಚ್ಚಿಹೋತು, ಹೊಟ್ಟಿ ಮ್ಯಾಲ ಹದಿನಾಕು ಅಷ್ಟ ಉಳೀತು. ಗಾಡಿ ತಡಿಯೋರು, ಲಾಠಿಲೆ ಕಲ್ಲು ತೋರಿಸೋರು. "ದೇವರಿಗೆ ಕೈಮುಗಿದು ಹೋಗಪ್ಪ." ನಾವು ಡ್ರೈವರ್ರು ಡಬ್ಬಿಯಾಗ ಹಾಕೋದು. ಸಂಜಿಕ ದಫೇದಾರರು ಪ್ರಸಾದ ಅಂತ ಡಬ್ಬಿ ಮನಿಗೆ ಒಯ್ಯೋದು. ಕೈಲೆ ಮುಟ್ಟಿದ್ದೇ ಇಲ್ಲ ನೋಡ್ರಿ!

ಆದ್ರ ಜೀಪಿನ ಮಂದಿಗೆ ಇದೇನು ಗೊತ್ತು? ಡ್ರೈವರೇ ಇಳಿದು ಕೈಮುಗಿತಾನ ಅಂದ್ರ ಭಾರಿ ದೇವರೇ ಇರಬೇಕು ಅಂತ ಅವರೂ ಇಳಿಯಾಕ ಶುರು ಮಾಡಿದ್ರು. ತೆಲಿಗಿಯ ಒಬ್ಬಾತನ ಮೊಪೆಡ್ ಅಲ್ಲೇ ಕೆಟ್ಟು ನಿಂತಿತ್ತು. ಕಾಯಿ ಒಡೆದ, ಒದ್ದ, ಸ್ಟಾರ್ಟ್ ಆತು. ಮುಗೀತಲ್ಲ! ಹಡಗಲಿಯಿಂದ ಹೊಸ ಟ್ರ್ಯಾಕ್ಟರ್ ಪೂಜಿಗೆ ಬಂತು. ಬಸ್ಸಿನವರು ನಿಲ್ಲಿಸಿದ್ರು. 'ಹದಿನಾಕಪ್ಪ' ಅಂತ ಹೆಸರೂ ಬಿತ್ತು. ಅಜ್ಜಿ ಬೆಳಿಗ್ಗೆ ಕಸ ಹೊಡೆದು ದೀಪ ಹಚ್ಚಾಕ ಹತ್ತಿ, ಯಾರೂ ಹೇಳದನ ಪೂಜಾರಿಣಿ ಆದ್ಲು.

ಪಕ್ಕದ ಹಳ್ಳಿಯ ಹಿರೇರು ಸಭೆ ಸೇರಿಸಿ ನಾಕು ಚಪ್ಪಡಿಯ ಗುಡಿ ಕಟ್ಟಿಸಿದ್ರು. ಎಣ್ಣಿ ಡಬ್ಬಿ ತೆಗೆದು ಕಬ್ಬಿಣದ ಹುಂಡಿ ನೆಟ್ರು. ಬೀಗ ಹಾಕಿ ಕೀಲಿ ಅಜ್ಜಿ ಸೊಂಟಕ್ಕ ಕಟ್ಟಿದ್ರು. ತೆಗೆಯೋದು ವರ್ಷಕ್ಕ ಒಂದೇ ಸಲ, ಶ್ರಾವಣದಾಗ.

ದಫೇದಾರರು ಹುಂಡಿ ನೋಡಿದ್ರು, ಬೀಗ ನೋಡಿದ್ರು. ಆ ಡಬ್ಬಿ ನಂದು ಅನ್ನಂಗಿಲ್ಲ, ದೇವರು ಸುಳ್ಳು ಅನ್ನಂಗೂ ಇಲ್ಲ. ಕಟ್ಟಡದ ಚಂದಾ ಅಂತ ಹಿರೇರು ಅವರ ಹತ್ರಾನೂ ಐದು ರೂಪಾಯಿ ವಸೂಲಿ ಮಾಡಿದ್ರು.

೫. ನನ್ನ ಲೈಸೆನ್ಸು

ಹುಂಡಿಗೆ ಬೀಗ ಬಿದ್ದ ಮ್ಯಾಲ ದಫೇದಾರರು ಹಸಿದು ಬಿಟ್ರು. ಅದರ ಪೆಟ್ಟು ಬಿದ್ದಿದ್ದು ನನಗ.

ಯುಗಾದಿ ಮುಗಿದಿತ್ತು. ನನಗ ಸರ್ಕಾರಿ ಡ್ರೈವರ್ ಹುದ್ದೆಗೆ ಇಂಟರ್ವ್ಯೂ ಕಾಗದ ಬಂದಿತ್ತು. ಬಳ್ಳಾರಿಗೆ ಸೋಮವಾರ ಹತ್ತು ಗಂಟಿಗೆ, ಅಸಲಿ ಲೈಸೆನ್ಸ್ ಜೋಡಿ ಬರಬೇಕು. ನಮ್ಮ ಮನ್ಯಾಗ ತಿಂಗಳ ಸಂಬಳ ಅನ್ನೋದನ್ನ ಯಾರೂ ಕಂಡೋರಲ್ಲ. ಹೆಂಡ್ತಿ ಆ ಕಾಗದಾನ ದೇವರ ಜಗುಲಿ ಮ್ಯಾಲ ಇಟ್ಟು, ದಿನಾ ತೆಗೆದು ಓದಿಸಿ, ಮತ್ತ ಇಡ್ತಿದ್ಲು. ಗುರುವಾರ ಆ ಸಂತೋಷದಾಗ ನಾನು ದಫೇದಾರರಿಗೂ ಹೇಳಿಬಿಟ್ಟೆ. ಎಂಥಾ ಹುಚ್ಚ ನಾನು!

"ಹೌದೇನೋ? ಎಲ್ಲಿ, ಲೈಸೆನ್ಸ್ ತೋರ್ಸು" ಅಂದ್ರು. ತೋರಿಸಿದೆ. ಇಟ್ಕಂಡ್ರು. "ಸರ್ಕಾರಿ ನೌಕರ ಆಗ್ತಿ. ಶನಿವಾರ ಇಪ್ಪತ್ತು ರೂಪಾಯಿ ತಂದು ಬಿಡಿಸ್ಕ."

ಶನಿವಾರ ಹೆಂಡ್ತಿ ಸಾಸಿವಿ ಡಬ್ಬಿಯಿಂದ ತೆಗೆದುಕೊಟ್ಟ ಇಪ್ಪತ್ತು ಹಿಡಕೊಂಡು ಹೋದೆ. ಅವರು ಲೈಸೆನ್ಸ್ ಕಿಸೆಯಿಂದ ತೆಗೆದ್ರು, ನಾನು ನೋಟು ತೆಗೆದೆ. ಅಷ್ಟರಾಗ ದೂರದಾಗ ದೂಳೆದ್ದಿತು. ದೊಡ್ಡ ಸಾಹೇಬ್ರ ಜೀಪು! ಆ ಸಾಹೇಬ್ರು ಬಂದ್ರ ಮೊದಲು ಕಿಸೆ ತಡಕಾಡ್ತಾರ. ದಫೇದಾರರು ಗಡಬಡಿಸಿ ಎದ್ರು. ಆ ಕಡೆ ನೋಡಿದ್ರು, ಈ ಕಡೆ ನೋಡಿದ್ರು, ನನ್ನ ಲೈಸೆನ್ಸ್ ಮಡಚಿ ಹುಂಡಿಯ ಬಾಯಾಗ ತುರುಕಿದ್ರು.

ಸಾಹೇಬ್ರು ಕಿಸೆ ನೋಡಿದ್ರು, ತಂಬಾಕಿನ ಚೀಟಿ ಅಷ್ಟ ಸಿಕ್ತು. ಗುಡಿ ನೋಡಿ ಖುಷಿ ಆಗಿ, "ಪರವಾಗಿಲ್ಲ, ಭಯಭಕ್ತಿ ಬಂದೈತಿ" ಅಂತ ಬೆನ್ನು ತಟ್ಟಿ, ತಾವೂ ಒಂದು ರೂಪಾಯಿ ಹಾಕಿ ಹೋದ್ರು.

ನಾನು ಹುಂಡಿ ಬಾಯಾಗ ಬೆರಳು ತೂರಿಸಿ ನೋಡಿದೆ, ಎಟುಕಲಿಲ್ಲ. ಸೋಮವಾರ ಇಂಟರ್ವ್ಯೂ, ಹುಂಡಿ ತೆಗೆಯೋದು ಶ್ರಾವಣಕ್ಕ. ನಾಚಿಕಿ ಬಿಟ್ಟು ಹೇಳ್ತೀನಿ, ನಡು ರಸ್ತ್ಯಾಗ ಅತ್ತುಬಿಟ್ಟೆ. ಆಮ್ಯಾಲ ಸಿಟ್ಟು ಬಂತು. "ಇಂಟರ್ವ್ಯೂ ತಪ್ಪಿದ್ರ ನಾನು ಮಾಸ್ತರ ಹತ್ರ ಹೋಗ್ತೀನಿ. ಈ ಸಲ ನಾಕು ಪುಟ ಅಲ್ಲ, ನಲವತ್ತು ಬರಸ್ತೀನಿ" ಅಂದೆ.

ಮಾಸ್ತರ ಹೆಸರು ಕೇಳಿದ್ದೇ ತಡ, ದಫೇದಾರರು ಅಜ್ಜಿ ಮುಂದ ಹೋಗಿ ನಿಂತ್ರು. "ಅವ್ವ, ಸ್ವಲ್ಪ ಹುಂಡಿ ತೆಗಿಯವ್ವ."

ಅಜ್ಜಿ ಮಿರ್ಚಿ ತಿರುವಿಕೋತ, "ಶ್ರಾವಣಕ್ಕ ಬಾ" ಅಂದ್ಲು.

"ಹುಡುಗನ ಹೊಟ್ಟಿಪಾಡಿನ ಪ್ರಶ್ನೆಯವ್ವ."

"ಹುಡುಗನ ಹೊಟ್ಟಿಪಾಡು ಗುರುವಾರ ನೆನಪಾಗಲಿಲ್ಲೇನು ನಿನಗ? ಸರಿ. ಹೊತ್ತಲ್ಲದ ಹೊತ್ತಿನಾಗ ದೇವರ ಹುಂಡಿ ತೆಗೆಸ್ತಿ ಅಂದ್ರ ತಪ್ಪುಕಾಣಿಕಿ ಹಾಕಬೇಕು. ನೀನು ಲೈಸೆನ್ಸ್ ಬಿಡಾಕ ಎಷ್ಟು ಕೇಳಿದ್ದಿ?"

"ಇಪ್ಪತ್ತು."

"ನೀನು ದಫೇದಾರ. ಅವನು ದೇವರು. ನಲವತ್ತು ಹಾಕು."

ದಫೇದಾರರು ನನ್ನ ಕೈಯಾಗಿನ ನೋಟು ನೋಡಿದ್ರು. ನಾನದನ್ನ ನಿಧಾನಕ್ಕ ಒಳಕಿಸೆಗೆ ಇಟ್ಕಂಡೆ. ಬಸ್ಸೊಂದು ಬಂದು ನಿಂತಿತು. ಮಂದಿಯೆಲ್ಲ ಇಳಿದು ನೋಡಾಕತ್ತಿದ್ರು. ಅವರೆಲ್ಲರ ಮುಂದ ದಫೇದಾರರು ಟೊಪ್ಪಿಗಿ ತೆಗೆದು, ಅದರ ಒಳಗ ಸಾಹೇಬ್ರಿಗೂ ಸಿಗದಂಗ ಬಚ್ಚಿಟ್ಟಿದ್ದ ಸ್ವಂತ ನೋಟು ಒಂದೊಂದೇ ಹುಂಡಿಗೆ ಹಾಕಿದ್ರು. ಆಮ್ಯಾಲ ಸಣ್ಣ ದನಿಯಾಗ ಅಂದ್ರು: "ಅವ್ವ, ನಾಳೆ ಹಿರೇರು ಹುಂಡಿ ಯಾಕ ತೆಗಿಸಿದಿ ಅಂತ ಕೇಳಿದ್ರ ತೋರ್ಸಾಕ ಒಂದು ರಶೀದಿನಾದ್ರೂ..."

ಅಜ್ಜಿ ಸೊಂಟದ ಕೀಲಿ ಬಿಚ್ಚಿಕೋತ ತಲಿ ಎತ್ತಿದ್ಲು. "ದೇವರಿಗೆ ಕಾಣಿಕಿ ಹಾಕಿ ರಶೀದಿ ಕೇಳ್ತಾರೇನಪ್ಪ?"

ಲೈಸೆನ್ಸ್ ಸಿಕ್ತು. ನನ್ನ ಫೋಟೋಕ ಹಣಿತುಂಬ ಕುಂಕುಮ ಮೆತ್ತಿತ್ತು. ಸೋಮವಾರ ಇಂಟರ್ವ್ಯೂದಾಗ ಅದನ್ನ ಮುಟ್ಟಿದ ಆಫೀಸರ ಬೆರಳೆಲ್ಲ ಕೆಂಪಾದ್ವು.

"ಯಾವ ದೇವರದಯ್ಯಾ ಇದು?"

"ಹದಿನಾಕಪ್ಪಂದು ಸರ್."

"ಏನು ಕೊಡ್ತಾನ ನಿಮ್ಮ ದೇವರು?"

"ಸದ್ಯಕ್ಕ ಲೈಸೆನ್ಸ್ ಕೊಟ್ಟಾನ್ರಿ. ನೌಕರಿ ನಿಮ್ಮ ಕೈಯಾಗ ಐತಿ."

ನೌಕರಿ ಆತು. ಮೊದಲನೇ ಸಂಬಳದಾಗ ಹೆಂಡ್ತೀನ ಕರಕೊಂಡು ಕ್ರಾಸಿಗೆ ಹೋಗಿ ಕಾಯಿ ಒಡಸಿದೆ. ದಫೇದಾರರು ಮರದ ಕೆಳಗೇ ಇದ್ರು. ನನ್ನ ನೋಡಿ ನಕ್ಕು, "ನಮಗೇನೂ ಇಲ್ಲೇನಪ್ಪ?" ಅಂತ ಕೈ ಚಾಚಿದ್ರು. ನಾನು ಅಂಗೈಯಾಗ ಒಂದು ಕಾಯಿಹೋಳು ಇಟ್ಟೆ.

ಅವರು ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ನೋಡಿ, ಮುಷ್ಟಿ ಮುಚ್ಚಿ ಕಿಸೇಕ ಇಳಿಸಿದ್ರು.