ಸೀಟಿನ ಕೆಳಗೆ ಒಂದು ಚೀಲ ಕಡ್ಲೆಕಾಯಿ

ಹೈಸ್ಕೂಲಿನಲ್ಲಿ ಮಧ್ಯಾಹ್ನದ ಊಟ ಮುಗಿದ ಮೇಲಿನ ಪೀರಿಯಡ್ಡಿನಲ್ಲಿ ಒಂಬತ್ತನೇ ತರಗತಿಗೆ ಬೀಜಗಣಿತ ಹೇಳಿಕೊಡುವವನು ನಾನು. ಕಿಕ್ಕಿರಿದ ತರಗತಿಯನ್ನು ಸದ್ದಿಲ್ಲದೆ ಕೂರಿಸುವ ವಿದ್ಯೆ ನನಗೆ ಸಿದ್ಧಿಸಿದೆ. ಅರ್ಧ ಜನ ನಿದ್ದೆ ಹೋಗಿರುತ್ತಾರೆ ಎಂಬುದು ಬೇರೆ ಮಾತು. ಇಂಥ ನನಗೆ, ನನ್ನವೇ ಎರಡು ಮಕ್ಕಳನ್ನು ಬೆಂಗಳೂರಿನಿಂದ ಲಂಡನ್ನಿನವರೆಗೆ ವಿಮಾನದಲ್ಲಿ ಸುಮ್ಮನೆ ಕೂರಿಸುವುದು ಯಾವ ಘನಕಾರ್ಯ?

ಹೋಗಬೇಕಾಗಿ ಬಂದದ್ದು ನಾದಿನಿ ಪುಷ್ಪಳ ಮಗುವಿನ ನಾಮಕರಣಕ್ಕೆ. ಅವಳು ಅಲ್ಲಿ ಆಸ್ಪತ್ರೆಯೊಂದರಲ್ಲಿ ನರ್ಸು. ಹೆಂಡತಿ ಗಿರಿಜ, ಎಂಟು ವರ್ಷದ ಮಗಳು ಮಾನಸ, ಐದು ವರ್ಷದ ಮಗ ಚಿಕ್ಕು ಇಷ್ಟು ಜನ ನನ್ನ ಜೊತೆ. ಬಾಣಂತನಕ್ಕೆಂದು ಮಿಡಿಗೇಶಿಯಿಂದ ಅತ್ತೆಯವರೂ ಹೊರಟರು. ಮದುವೆಯಾಗಿ ಇಷ್ಟು ವರ್ಷವಾದರೂ ನಮ್ಮತ್ತೆ ಅಳಿಯನ ಜೊತೆ ನೇರವಾಗಿ ಮಾತಾಡಿದವರಲ್ಲ. ಹೇಳುವುದೆಲ್ಲ ಮಗಳ ಮೂಲಕವೇ. ಅಳಿಯ ಪಕ್ಕದಲ್ಲೇ ಕೂತಿದ್ದರೂ ಅಷ್ಟೆ.

ಇನ್ನು ನನ್ನ ಸ್ವಭಾವ. ಮಧುಗಿರಿಯಿಂದ ಶಿರಾಕ್ಕೆ ಹೊರಟರೂ, ಡ್ರೈವರ್ ನಿದ್ದೆಗೆಟ್ಟಿದ್ದಾನೋ ಏನೋ ಎಂದು ಅವನ ಕಣ್ಣು ನೋಡಿಯೇ ಬಸ್ಸು ಹತ್ತುವ ಮನುಷ್ಯ ನಾನು. ವಿಮಾನದಲ್ಲಿ ಆ ಅನುಕೂಲವಿಲ್ಲ. ಇದು ಸಾಲದೆಂಬಂತೆ ನಮ್ಮ ಸ್ಕೂಲಿನ ವಿಜ್ಞಾನದ ಮೇಷ್ಟ್ರು, “ಮಕ್ಳು ಕಿರುಚಾಡಿದ್ರೆ ಅಕ್ಕಪಕ್ಕದೋರು ವಿಡಿಯೊ ಮಾಡಿ ಬುಡ್ತಾರೆ ಸಾರ್. ಮಕ್ಳನ್ನ ಯಾರೂ ಬೈಯಲ್ಲ. ಅಪ್ಪನ್ನ ಬೈತಾರೆ” ಎಂದು ಸಮಾಧಾನ ಹೇಳಿದರು. ಅಂದಿನಿಂದ ನನಗೆ ಊಟ ಸೇರಲಿಲ್ಲ.

ಆಗ ಹೊಳೆದದ್ದು ನಮ್ಮ ಸೀಮೆಯ ಪುರಾತನ ಉಪಾಯ. ಮುಂಗಾರಿಗೆ ಮುಂಚೆ ಬಿತ್ತನೆಯ ಕಡ್ಲೆಕಾಯಿಯನ್ನು ಜಗಲಿಯ ಮೇಲೆ ಸುರಿದು, ಕೇರಿಯ ಮಕ್ಕಳನ್ನೆಲ್ಲ ಸುತ್ತ ಕೂರಿಸಿ, ಸುಲಿಯಿರಿ ಎನ್ನುವುದು. ಯಾರ ರಾಶಿ ದೊಡ್ಡದೋ ಅವರಿಗೆ ದೊಡ್ಡ ಬೆಲ್ಲದಚ್ಚು. ಬೀಜ ಬಾಯಿಗೆ ಹೋಗದಿರಲಿ ಎಂದು ಮದಲೂರಿನ ನಮ್ಮಜ್ಜಿ ಹಾಡು ಹೇಳಿಸುತ್ತಿದ್ದಳು. ಯಾರ ಹಾಡು ನಿಂತಿತೋ ಅವನು ತಿನ್ನುತ್ತಿದ್ದಾನೆ ಎಂದರ್ಥ. ಹೊತ್ತು ಮುಳುಗುವವರೆಗೂ ಒಬ್ಬ ಹುಡುಗನೂ ಜಾಗ ಬಿಟ್ಟು ಏಳುತ್ತಿರಲಿಲ್ಲ. ಲಂಡನ್ ಏನು, ಚಂದ್ರಲೋಕದವರೆಗೂ ಈ ಉಪಾಯ ನಡೆಯುತ್ತದೆ ಎಂದು ನನಗೆ ಖಾತ್ರಿಯಾಯಿತು.

“ಬಣ್ಣದ ಪುಸ್ತಕ ತಗೊಳ್ಳಿ ಅಂದ್ರೆ ಕಡ್ಲೆಕಾಯಿ ತಂದಿದೀರಲ್ರೀ” ಎಂದಳು ಗಿರಿಜ, ನಾನು ಶಿರಾದ ಮಂಡಿಯಿಂದ ಚೀಲ ಹೊತ್ತು ಬಂದಾಗ.

“ಬಣ್ಣದ ಪುಸ್ತಕ ತುಮಕೂರು ದಾಟೋ ಹೊತ್ತಿಗೆ ಮುಗಿಯುತ್ತೆ. ಇದು ಆಟಕ್ಕೆ ಆಟ, ತಿಂಡಿಗೆ ತಿಂಡಿ” ಎಂದೆ.

ಸಿಪ್ಪೆಸಮೇತ ಹದವಾಗಿ ಹುರಿಸಿದ ಕಾಯಿ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅಧಿಕಾರಿ ಚೀಲದೊಳಗೆ ಕೈಯಾಡಿಸಿ, ಒಮ್ಮೆ ನನ್ನ ಮುಖ ನೋಡಿ, ಮುಂದಕ್ಕೆ ತಳ್ಳಿದ. ನನ್ನ ಯೋಜನೆಗೆ ಸರ್ಕಾರದ ಮುದ್ರೆ ಬಿದ್ದಂತಾಯಿತು.

ವಿಮಾನ ಏರಿತು. ಅದು ಏರುವಾಗ ನಾನು ಏನು ಮಾಡಿದೆ ಎಂಬುದನ್ನು ಬರೆಯುವುದಿಲ್ಲ. ಮುಂದಿನ ಸೀಟನ್ನು ಹಿಡಿದುಕೊಂಡಿದ್ದೆ ಅಂದರೆ ಸಾಕು. ಅದರಲ್ಲಿ ಕೂತಿದ್ದವರು ಎರಡು ಸಲ ತಿರುಗಿ ನೋಡಿದರು. ಮಕ್ಕಳು ಕಿಟಕಿಗೆ ಮೂಗು ಒತ್ತಿ ಮೋಡ ನೋಡಿದರು. ಮೋಡ ಮುಗಿಯಲಿಲ್ಲ. ಚಿಕ್ಕು ತಿರುಗಿ, “ಅಪ್ಪಾ, ಸಾಕು. ಇಳಿಯೋಣ” ಎಂದ.

ಇದೇ ಸಮಯವೆಂದು ನಾನು ಬಗ್ಗಿ ಸೀಟಿನ ಕೆಳಗಿನ ಚೀಲದ ದಾರ ಸಡಿಲಿಸತೊಡಗಿದೆ. ಆಗಲೇ ಘೋಷಣೆ ಬಂತು. ಪ್ರಯಾಣಿಕರೊಬ್ಬರಿಗೆ ಕಡ್ಲೆಕಾಯಿಯ ತೀವ್ರ ಅಲರ್ಜಿಯಿದೆ, ಪ್ರಾಣಕ್ಕೇ ಅಪಾಯ, ದಯವಿಟ್ಟು ಯಾರೂ ಕಡ್ಲೆಕಾಯಿಯ ತಿಂಡಿಯನ್ನು ತೆರೆಯಬಾರದು, ತಿನ್ನಬಾರದು.

ನಾನು ಬಗ್ಗಿದವನು ಬಗ್ಗಿದಂತೆಯೇ ಉಳಿದೆ.

“ಏನಂತೆ ಗಿರಿಜ?” ಎಂದರು ಅತ್ತೆ.

“ಯಾರಿಗೋ ಕಡ್ಲೆಕಾಯಿ ಆಗಲ್ವಂತೆ ಕಣಮ್ಮ. ಉಸ್ರು ಕಟ್ಟೋಗುತ್ತಂತೆ.”

“ಕಡ್ಲೆಕಾಯಿಗಾ? ನಮ್ ಕಡೆ ಅದು ಇಲ್ದಿದ್ರೆ ಉಸ್ರು ಕಟ್ಟೋದು.”

ನಾನು ತಲೆಯೆತ್ತಿ ನೋಡಿದೆ. ಕೆಲವು ಸಾಲು ಮುಂದೆ ಎರಡು ಜಡೆಯ ಪುಟ್ಟ ಹುಡುಗಿಯೊಬ್ಬಳು ಕೂತಿದ್ದಳು. ಅವಳ ತಾಯಿ ಒದ್ದೆ ಬಟ್ಟೆಯಿಂದ ಸೀಟಿನ ಕೈ, ಬೆಲ್ಟು, ಊಟದ ಹಲಗೆ, ಕಿಟಕಿಯ ಅಂಚು ಎಲ್ಲವನ್ನೂ ಒರೆಸುತ್ತಿದ್ದಳು. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದಳು. ಇವರೇ ಎಂದು ತಿಳಿಯಿತು. ಆ ಮಗುವಿನ ಉಸಿರಿಗೂ ನನ್ನ ಚೀಲಕ್ಕೂ ನಡುವೆ ಇದ್ದದ್ದು ನಾನೇ ಹಾಕಿ ನಾನೇ ಸಡಿಲಿಸಿದ ಒಂದು ಗಂಟು.

“ಬಾಯಿ ಬಿಗಿಯಾಗಿ ಕಟ್ಟಿ ಇಟ್ಬುಡಿ. ತೆಗೀಬೇಡಿ ಅಂದವ್ರೆ, ಅಷ್ಟೇ ತಾನೆ?” ಎಂದಳು ಗಿರಿಜ.

ಬುದ್ಧಿಯಿದ್ದವನು ಹಾಗೇ ಮಾಡುತ್ತಿದ್ದ. ನನಗೆ ಬುದ್ಧಿಗಿಂತ ಕಲ್ಪನೆ ಜಾಸ್ತಿ. ವಿಮಾನ ಅಲುಗಾಡುತ್ತದೆ, ಚೀಲ ಉರುಳುತ್ತದೆ, ಸಿಪ್ಪೆಯ ಪುಡಿ ಗಾಳಿಗೆ ಏಳುತ್ತದೆ, ಆ ಮಗು ಎದೆ ಹಿಡಿದುಕೊಳ್ಳುತ್ತದೆ. ಅದರ ತಾಯಿ ತಿರುಗಿ ನನ್ನನ್ನು ನೋಡುತ್ತಾಳೆ. ಅಷ್ಟರವರೆಗೆ ಕಲ್ಪಿಸಿಕೊಂಡು, ಮುಂದಕ್ಕೆ ಆಗದೆ, ತಪ್ಪೊಪ್ಪಿಕೊಳ್ಳಲು ನಿರ್ಧರಿಸಿದೆ. ಕರೆಗಂಟೆ ಒತ್ತಿದೆ. ಗಗನಸಖಿ ಬಂದಳು.

ಕಡ್ಲೆಕಾಯಿ ಎಂದು ಜೋರಾಗಿ ಹೇಳಿದರೆ ಆ ತಾಯಿ ಗಾಬರಿಯಾದಾಳು ಎಂಬುದು ನನ್ನ ಮುಂದಾಲೋಚನೆ. ಆದ್ದರಿಂದ ಆ ಪದವನ್ನು ಬಿಟ್ಟು, ಮನಸ್ಸಿನಲ್ಲೇ ಇಂಗ್ಲಿಷ್ ವಾಕ್ಯ ಕಟ್ಟಿ, ಅವಳ ಕಿವಿಯ ಹತ್ತಿರ ಬಗ್ಗಿ, ಪಿಸುಮಾತಿನಲ್ಲಿ ಒಪ್ಪಿಸಿದೆ. ಅದರ ಕನ್ನಡ ತಾತ್ಪರ್ಯ ಇಷ್ಟು: “ನನ್ನ ಸೀಟಿನ ಕೆಳಗಿನ ಚೀಲದಲ್ಲಿ ಅಪಾಯಕಾರಿ ವಸ್ತುವಿದೆ. ಅದು ತೆರೆದುಕೊಂಡರೆ ಜೀವ ಹೋಗುತ್ತದೆ. ದಯವಿಟ್ಟು ಯಾರಿಗೂ ಗೊತ್ತಾಗುವುದು ಬೇಡ.”

ಅವಳ ನಗು ಹಾಗೇ ಇತ್ತು. ಮುಖದ ಬಣ್ಣ ಮಾತ್ರ ಹೊರಟುಹೋಯಿತು.

“ಕಾಲು ಅಲ್ಲಾಡಿಸಬೇಡಿ ಸರ್” ಎಂದಳು ಮೆಲ್ಲಗೆ.

ಬಾಗಿಲಿನಷ್ಟು ಅಗಲದ ಸಿಬ್ಬಂದಿಯೊಬ್ಬ ಬಂದು ನನ್ನ ಪಕ್ಕ ನಿಂತ. ಅವನ ಹಿಂದೆ ಇನ್ನಿಬ್ಬರು. ಆಚೆ ಸಾಲಿನ ಹಿರಿಯರೊಬ್ಬರು ಕಣ್ಣು ಮುಚ್ಚಿ ತುಟಿ ಅಲ್ಲಾಡಿಸತೊಡಗಿದರು. ನನ್ನ ಎರಡೂ ಕೈ ಕಾಣುವಂತೆ ಮುಂದೆ ಇಡಲು ಹೇಳಿದರು. ಇಟ್ಟೆ. ಇದ್ದ ಇಂಗ್ಲಿಷೆಲ್ಲ ಆವಿಯಾಯಿತು.

“ನಿಮ್ಮೆಜಮಾನ್ರು ಏನೇ ಅಂದ್ರು ಇವ್ರಿಗೆ?” ಎಂದರು ಅತ್ತೆ.

“ನಂಗೊತ್ತಿಲ್ಲ ಕಣಮ್ಮ. ಚೀಲದ್ ವಿಚಾರ ಏನೋ.”

“ಚೀಲವಾ?” ಅತ್ತೆಯ ಮುಖ ಅರಳಿತು. ಯಾರೂ ತಡೆಯುವ ಮೊದಲೇ ಬಗ್ಗಿ, ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು, ದಾರ ಕಿತ್ತು, ಒಂದು ಬೊಗಸೆ ತುಂಬ ಎತ್ತಿ ಆ ಬಾಗಿಲಗಲದ ಮನುಷ್ಯನ ಮುಂದೆ ಹಿಡಿದರು. “ತಗಳಪ್ಪ, ತಿನ್ನು. ಹೊಸ ಕಾಯಿ. ನಮ್ ಕಡೇದು.”

ಬಾಂಬಲ್ಲ ಎಂದು ಅವರೆಲ್ಲ ಒಟ್ಟಿಗೆ ಉಸಿರು ಬಿಟ್ಟರು. ಕಡ್ಲೆಕಾಯಿ ಎಂದು ಮತ್ತೆ ಒಟ್ಟಿಗೆ ಉಸಿರು ಹಿಡಿದರು.

ಮುಂದಿನದು ಬಹಳ ವೇಗವಾಗಿ ನಡೆಯಿತು. ಚೀಲವನ್ನು ಪ್ಲಾಸ್ಟಿಕ್ಕಿಗೆ ಹಾಕಿ, ಆ ಪ್ಲಾಸ್ಟಿಕ್ಕನ್ನು ಇನ್ನೊಂದಕ್ಕೆ ಹಾಕಿ, ತೋಳು ಮುಂದಕ್ಕೆ ಚಾಚಿ ಹಿಂಭಾಗಕ್ಕೆ ಒಯ್ದರು. ನಮ್ಮ ಸಾಲನ್ನು ಒರೆಸಿದರು. ಅತ್ತೆಯ, ಗಿರಿಜಳ, ಮಕ್ಕಳ ಕೈ ತೊಳೆಸಿದರು. ಸಿಬ್ಬಂದಿಯವನು ನನಗೆ ನಿಧಾನವಾಗಿ, ದಡ್ಡ ಹುಡುಗನಿಗೆ ಹೇಳುವಂತೆ, ವಿಮಾನದಲ್ಲಿ ಯಾವ ಯಾವ ಪದಗಳನ್ನು ಬಳಸಬಾರದು ಎಂದು ಪಾಠ ಹೇಳಿದ. ನಾನು ತಲೆಯಾಡಿಸಿದೆ. ಸ್ಕೂಲಿನಲ್ಲಿ ನನ್ನ ಹುಡುಗರು ಹೀಗೆಯೇ ತಲೆಯಾಡಿಸುತ್ತಾರೆ. ಈಗ ಗೊತ್ತಾಯಿತು, ಅವರಿಗೂ ಏನೂ ಕೇಳಿಸುತ್ತಿರುವುದಿಲ್ಲ.

“ಅಪ್ಪಾ, ಈಗ ಏನ್ ಆಟ?” ಎಂದಳು ಮಾನಸ.

ಬೇರೆ ಆಟ ನನ್ನ ಬಳಿ ಇರಲಿಲ್ಲ. “ಕೈಯನ್ನ ತೊಡೆ ಕೆಳಗೆ ಇಟ್ಕೊಂಡು ಕೂತ್ಕೊಳ್ಳಿ. ಇಳಿಯೋ ತನಕ ಏನನ್ನೂ ಮುಟ್ಟಬೇಡಿ” ಎಂದೆ. ಮಕ್ಕಳು ಹಾಗೇ ಕೂತರು. ಟಿವಿಯ ಗುಂಡಿ ಒತ್ತಲು ಕೈ ಬೇಕಲ್ಲ. ಆದ್ದರಿಂದ ಕಪ್ಪು ಪರದೆಯನ್ನೇ ನೋಡುತ್ತಾ ಕೂತರು.

ಊಟದ ತಟ್ಟೆ ಎತ್ತಿಕೊಂಡು ಹೋದ ಮೇಲೆ, ಹೆದರಿ ಹೆದರಿ ಸುಸ್ತಾಗಿ ಕಣ್ಣು ಮುಚ್ಚಿದೆ. ತೆರೆದಾಗ ಚಿಕ್ಕುವಿನ ಸೀಟು ಖಾಲಿ.

“ಆ ಎರಡ್ ಜಡೆ ಹುಡ್ಗಿ ಹತ್ರ ಹೋದ. ಅವಳೇ ಕರೆದ್ಲು” ಎಂದಳು ಮಾನಸ.

ನಾನು ಓಡಿದೆ. ಚಿಕ್ಕು ಆ ಹುಡುಗಿಗೆ ಅಂಟಿಕೊಂಡು ಕೂತಿದ್ದ. ಅವನ ಬಲಗೈ ಚಡ್ಡಿಯ ಜೇಬಿನೊಳಗಿತ್ತು. ದವಡೆ ಅಲ್ಲಾಡುತ್ತಿತ್ತು. ನಾನು ಆ ತಾಯಿಯನ್ನೂ ದಾಟಿ ಬಗ್ಗಿ ಮಗನ ಗಲ್ಲ ಹಿಡಿದು, “ಬಾಯಿ ತೆಗಿಯೋ, ಉಗಿಯೋ” ಎಂದು ಕೂಗಿದೆ.

“ಮೆಲ್ಲಗೆ ಸಾರ್” ಎಂದಳು ಆಕೆ, ಕನ್ನಡದಲ್ಲಿ. “ಅವ್ನು ತಿಂತಿರೋದು ನಾನೇ ಕೊಟ್ಟ ಬಿಸ್ಕತ್ತು. ಕೈ ಒರೆಸಿದೀನಿ, ಬಾಯಿ ತೊಳೆಸಿದೀನಿ, ಜೇಬೂ ನೋಡಿದೀನಿ. ನೋಡ್ದೆ ಯಾವ ಮಗೂನೂ ಹತ್ರ ಕೂರಿಸ್ಕೊಳ್ಳಲ್ಲ.”

“ನೀವು ನಮ್ ಕಡೆಯೋರಾ?”

“ಪಾವಗಡ ಸಾರ್. ನಮ್ ನಾಯ್ನ, ಅಂದ್ರೆ ನಮ್ಮಪ್ಪ, ಬೆಳೆಯೋದೇ ಕಡ್ಲೆಕಾಯಿ. ನಾವು ಬರ್ತೀವಿ ಅಂದ್ರೆ ಮೊದ್ಲು ಕಾಯೆಲ್ಲ ಆಚೆ ಸಾಗ್ಸಿ, ಮನೆ ತೊಳ್ದು, ತಾನೂ ಸ್ನಾನ ಮಾಡಿ ನಿಂತಿರ್ತಾನೆ. ಆದ್ರೂ ಮೊಮ್ಮಗಳನ್ನ ಎತ್ಕೊಳ್ಳೋಕೆ ಹೆದರ್ತಾನೆ.”

ಅವಳ ಕೊರಳಲ್ಲಿ ಪುಟ್ಟ ಚೀಲವೊಂದು ತೂಗುತ್ತಿತ್ತು. ಅದರೊಳಗೆ, ಉಸಿರು ಕಟ್ಟಿದರೆ ಕೂಡಲೇ ಚುಚ್ಚಲು, ದಪ್ಪ ಪೆನ್ನಿನಂಥ ಸೂಜಿಮದ್ದು. ಮಾತಾಡುವಾಗಲೂ ಒಂದು ಕೈ ಅದರ ಮೇಲೆಯೇ ಇತ್ತು.

“ಭಯ ಆಗಲ್ವೇನಮ್ಮ ನಿಮ್ಗೆ?”

“ಆಗುತ್ತೆ ಸಾರ್. ಅದಕ್ಕೇ ಕೂಗಲ್ಲ.”

ಅವಳ ಕಣ್ಣು ನನ್ನ ಅಂಗಿಯ ಮೇಲೆ ನಿಂತಿತು.

“ಸಾರ್, ನಿಮ್ ಜೇಬು ನೋಡ್ಕೊಂಡ್ರಾ?”

ಹೆದರಿಕೆಯಾದಾಗ ಕಡ್ಲೆಕಾಯಿ ತಿನ್ನುವುದು ನನ್ನ ಬಹುಕಾಲದ ಅಭ್ಯಾಸ. ಮಧುಗಿರಿಯಿಂದ ವಿಮಾನ ನಿಲ್ದಾಣದವರೆಗೂ ಹೆದರಿದ್ದೆ. ದಾರಿಯುದ್ದಕ್ಕೂ ತಿಂದಿದ್ದೆ. ಎಲ್ಲರನ್ನೂ ಕೈ ತೊಳೆಯಲು ಅಟ್ಟಿದ ಗಲಾಟೆಯಲ್ಲಿ ತೊಳೆಯದೆ ಉಳಿದವನು ನಾನೊಬ್ಬನೇ. ನನ್ನ ಅಂಗಿಯ ಜೇಬು ಉಬ್ಬಿಕೊಂಡು, ಆ ಮಗುವಿನ ತಲೆಯ ನೇರಕ್ಕೆ ನೇತಾಡುತ್ತಿತ್ತು. ಇಡೀ ವಿಮಾನದಲ್ಲಿ ಆ ಹುಡುಗಿಯ ಹತ್ತಿರಕ್ಕೆ ಕಡ್ಲೆಕಾಯಿ ತಂದವನು, ಅವಳನ್ನು ಕಡ್ಲೆಕಾಯಿಯಿಂದ ಕಾಪಾಡಲು ಓಡಿಬಂದ ಮಹಾನುಭಾವ.

ಹುಡುಗಿ ಸೀನಿದಳು.

ತಾಯಿ ಒಂದು ಕೈಯಿಂದ ನನ್ನನ್ನು ಹಿಂದಕ್ಕೆ ತಳ್ಳಿ, ಇನ್ನೊಂದರಿಂದ ಸೂಜಿಯ ಚೀಲ ತೆರೆದಳು. ಮಗಳ ತುಟಿ ನೋಡಿದಳು. ಕೊರಳು ನೋಡಿದಳು. ಎದೆಗೆ ಕಿವಿಯಿಟ್ಟಳು. ನಾನು ನಡುದಾರಿಯಲ್ಲಿ ಕಂಬದಂತೆ ನಿಂತಿದ್ದೆ. ವರ್ಷಗಟ್ಟಲೆ ಬಸ್ಸು, ಲಿಫ್ಟು, ಗುಡುಗು, ಗ್ಯಾಸ್ ಸಿಲಿಂಡರ್ ಎಂದು ಹೆದರಿದ್ದೆಲ್ಲ ಬರೀ ಅಭ್ಯಾಸಕ್ಕೆಂದು ಆಗ ಗೊತ್ತಾಯಿತು. ನಿಜವಾದ ಭಯಕ್ಕೆ ಸದ್ದಿರುವುದಿಲ್ಲ.

“ಬಂಗಾರು, ಗಂಟ್ಲು ಕೆರೀತಾ?”

ಹುಡುಗಿ ಇಲ್ಲವೆಂದು ತಲೆಯಾಡಿಸಿದಳು. ಮೂಗು ಉಜ್ಜಿಕೊಂಡು, “ಅಂಕಲ್ ಪೌಡರ್ ಜಾಸ್ತಿ ಹಾಕಿದಾರೆ” ಎಂದಳು.

ತಾಯಿ ಆದರೂ ಸೂಜಿ ಒಳಗಿಡಲಿಲ್ಲ. ಮಗಳ ಮುಖವನ್ನೇ ನೋಡುತ್ತಾ ಬಹಳ ಹೊತ್ತು ಕೂತಿದ್ದು, ಆಮೇಲೆ ಚೀಲ ಮುಚ್ಚಿದಳು. “ಹೋಗಿ ಅಂಗಿ ಬಿಚ್ಚಿ ಕೈ ತೊಳ್ಕೊಳ್ಳಿ ಸಾರ್. ಚಿಕ್ಕೂನ ಇನ್ನೊಂದ್ಸಲ ಒರೆಸ್ತೀನಿ” ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ನನ್ನ ಅಂಗಿಯೂ ಪ್ಲಾಸ್ಟಿಕ್ಕಿನೊಳಗೆ ಹೋಯಿತು. ಬೇರೆ ಅಂಗಿ ವಿಮಾನದ ಹೊಟ್ಟೆಯಲ್ಲಿದ್ದ ಪೆಟ್ಟಿಗೆಯಲ್ಲಿತ್ತು. ಬನಿಯನ್ನಿನ ಮೇಲೆ ಅವರ ನೀಲಿ ಕಂಬಳಿ ಹೊದ್ದು, ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಶೌಚಾಲಯದ ಪಕ್ಕದ ಸಿಬ್ಬಂದಿಯ ಮಡಿಚುವ ಸೀಟಿನಲ್ಲಿ ಕೂತೆ. ಕೂತರೆ ಕೈ ಸರಿಯಾಗಿ ತೊಳೆದೆನೋ ಇಲ್ಲವೋ ಎಂಬ ಅನುಮಾನ. ಎದ್ದು ಮತ್ತೆ ತೊಳೆದೆ. ಬಂದು ಕೂತೆ. ಹುಡುಗಿ ಉಸಿರಾಡುತ್ತಿದ್ದಾಳೋ ಎಂದು ದೂರದಿಂದ ಇಣುಕಿದೆ. ಮತ್ತೆ ತೊಳೆದೆ. ಕಂಬಳಿಯ ತುದಿ ಶೌಚಾಲಯದ ಬಾಗಿಲಿಗೆ ಸಿಕ್ಕಿಕೊಂಡು, ನಾನು ಅರ್ಧ ಒಳಗೆ ಅರ್ಧ ಹೊರಗೆ ನಿಂತಾಗ, ಅದೇ ಬಾಗಿಲಗಲದ ಮನುಷ್ಯ ಬಂದು ಬಿಡಿಸಿದ.

“ಗಿರಿಜ, ನಿಮ್ಮೆಜಮಾನ್ರಿಗೆ ಹೊಟ್ಟೆ ಸರಿ ಇಲ್ವಾ? ಓಮ ಐತೆ, ಕೊಡ್ಲಾ?” ಎಂದು ಅತ್ತೆ ಕೇಳಿದ್ದು ಇಡೀ ಹಿಂಭಾಗಕ್ಕೆ ಕೇಳಿಸಿತು.

ಮಾನಸಳೂ ಅಲ್ಲಿಗೆ ಹೋಗಿ ಸೇರಿ, ಮಕ್ಕಳು ಮೂವರೂ ಸೀಟಿನ ಮೇಲೆ ಮಂಡಿಯೂರಿ, ಹಿಂದಕ್ಕೆ ತಿರುಗಿ, ಸೀಟಿನ ಬೆನ್ನಿನ ಮೇಲೆ ಗಲ್ಲ ಇಟ್ಟುಕೊಂಡಿದ್ದರು. ಆಗಾಗ ಗುಸುಗುಸು, ಆಮೇಲೆ ನಗು. ಒಬ್ಬರೂ ಅಳಲಿಲ್ಲ. ಕಿರುಚಲಿಲ್ಲ. ನಿದ್ದೆಯನ್ನೂ ಮಾಡಲಿಲ್ಲ. ಆ ತಾಯಿ ಮಾತ್ರ ಒಮ್ಮೆ ತಿರುಗಿ, ಮಗಳು ಚೆನ್ನಾಗಿದ್ದಾಳೆ ಎಂಬಂತೆ ನನಗೆ ಕೈಸನ್ನೆ ಮಾಡಿದಳು. ಆಮೇಲೆ ನಾನು ಕೂತೆ.

ಲಂಡನ್ನಿನಲ್ಲಿ ಪುಷ್ಪ ಹಸುಗೂಸನ್ನು ಎತ್ತಿಕೊಂಡು ಕಾಯುತ್ತಿದ್ದಳು. ಕಂಬಳಿಯನ್ನು ವಾಪಸು ಕೊಟ್ಟಾಗಿತ್ತು. ಪೆಟ್ಟಿಗೆ ಬಿಚ್ಚಲು ಪುರುಸೊತ್ತಾಗದೆ, ನಾನು ಗಿರಿಜಳ ಹೂವಿನ ಚಿತ್ತಾರದ ಸ್ವೆಟರ್ ತೊಟ್ಟು ಎಲ್ಲರಿಗಿಂತ ಹಿಂದೆ ಬಂದೆ. ಪುಷ್ಪ ನನ್ನನ್ನು ನೋಡಿದಳು, ಸ್ವೆಟರನ್ನು ನೋಡಿದಳು, ಮಕ್ಕಳ ಕಡೆ ಬಗ್ಗಿದಳು.

“ಅಷ್ಟು ಹೊತ್ತು ಕೂತು ಬೇಜಾರಾಯ್ತೇನ್ರೋ? ಟಿವೀಲಿ ಏನ್ ನೋಡಿದ್ರಿ?”

“ಟಿವಿ ಹಾಕ್ಲೇ ಇಲ್ಲ ಚಿಕ್ಕಮ್ಮ” ಎಂದ ಚಿಕ್ಕು. “ಅಪ್ಪನ್ನ ನೋಡಿದ್ವಿ.”