ಟಲ್ಲಾರೂ ಮೈದಾನದ ಸೈರನ್ನಿಗೆ, ಅದು ಕೇಳಿಸದ ದಿನದ ಬಗ್ಗೆ

ಟಲ್ಲಾರೂ ಫುಟ್‌ಬಾಲ್ ಕ್ಲಬ್ಬಿನ ಸಮಯಪಾಲಕರ ಗೂಡಿನ ತಗಡಿನ ಮಾಡಿನ ಮೇಲೆ ಬಹುಕಾಲದಿಂದ ವಿರಾಜಮಾನರಾಗಿರುವ ಸೈರನ್ ಅವರ ಸನ್ನಿಧಿಗೆ,

ಮಾನ್ಯರೇ,

ಬಾಯೊಳಗೆ ಗುಬ್ಬಚ್ಚಿ ಸಂಸಾರ ಹೂಡಿದ್ದರೂ, ತುಕ್ಕು ಕುತ್ತಿಗೆಯವರೆಗೆ ಏರಿದ್ದರೂ ಯಾರನ್ನೂ ದೂರದೆ ಕುಳಿತಿರುವ ತಮ್ಮ ಸಹನೆಗೆ ಮೊದಲು ನನ್ನ ನಮಸ್ಕಾರ. ತಮ್ಮ ದನಿ ಸಾಲದೆಂಬ ಕಾರಣಕ್ಕೆ ಬರುವ ಶನಿವಾರ ತಮ್ಮನ್ನು ಕೆಳಗಿಳಿಸಿ ಕಸದ ಗುಂಡಿಗೆ ಬೀಳ್ಕೊಡಬೇಕೆಂದು ಕ್ಲಬ್ಬಿನ ಸಮಿತಿ ಒಮ್ಮತದಿಂದ ತೀರ್ಮಾನಿಸಿದೆ. ಕೈ ಎತ್ತಿದವರಲ್ಲಿ ನಾನೂ ಒಬ್ಬಳು. ಆದ್ದರಿಂದ ಇಪ್ಪತ್ತೆರಡು ವರ್ಷದ ಹಳೆಯ ದೂರೊಂದನ್ನು ತಾವು ಹೋಗುವ ಮುನ್ನ ತಮ್ಮ ಗಮನಕ್ಕೆ ತರುವುದು ನನ್ನ ಕರ್ತವ್ಯವೆಂದು ತಿಳಿದು, ಈ ಪತ್ರವನ್ನು ಕ್ಲಬ್ಬಿನ ಬಾಗಿಲಿಗೆ ಅಂಟಿಸುತ್ತಿದ್ದೇನೆ.

ಬ್ರಿಮ್‌ಟನ್ನಿನವರೊಡನೆ ನಮ್ಮದೇ ಮೈದಾನದಲ್ಲಿ ನಡೆದ ಆ ಸೆಪ್ಟೆಂಬರಿನ ಫೈನಲ್ ತಮಗೆ ನೆನಪಿರಬೇಕು. ಇಲ್ಲದಿದ್ದರೂ ಚಿಂತೆಯಿಲ್ಲ, ಊರಿಗೆ ಊರೇ ಪ್ರತಿವರ್ಷ ಮಾಂಸದ ಪೈ ತಿನ್ನುತ್ತಾ ಅದನ್ನು ಹೊಸದಾಗಿ ನೆನಪಿಸಿಕೊಳ್ಳುತ್ತದೆ. ನಾವು ಎರಡು ಪಾಯಿಂಟ್ ಹಿಂದಿದ್ದೆವು, ಒಂದು ನಿಮಿಷವೂ ಉಳಿದಿರಲಿಲ್ಲ. ಹನ್ನೊಂದು ವರ್ಷ ನಮ್ಮ ಗೋಲಿನ ಕಂಬಗಳನ್ನು ಕಾಯುವುದರಲ್ಲೇ ಕಳೆದು ಒಮ್ಮೆಯೂ ಗೋಲ್ ಹೊಡೆಯದಿದ್ದ ನನ್ನ ಗಂಡ ಬೆವನ್, ಅದು ಹೇಗೋ ಮೈದಾನದ ಆ ತುದಿಗೆ ಹೋಗಿದ್ದವನು, ಮೂವರ ಬೆನ್ನ ಮೇಲೆ ಹಾರಿ ಚೆಂಡು ಹಿಡಿದು ಗಾಳಿಗೆದುರಾಗಿ ಒದ್ದ. ಎಷ್ಟು ದೂರದಿಂದ ಒದ್ದನೆಂಬುದರಲ್ಲಿ ಭಿನ್ನಾಭಿಪ್ರಾಯವಿದೆ. ಆ ದಿನ ನಲವತ್ತು ಮೀಟರ್ ಇದ್ದದ್ದು ಕಳೆದ ವರ್ಷಕ್ಕೆ ಎಪ್ಪತ್ತಾಗಿದೆ. ಕ್ಲಬ್ಬಿನಲ್ಲಿ ಚಹಾ ಕಾಯಿಸುವ ಡಾಟ್ ಮಾತ್ರ, "ಸುಮ್ನಿರ್ರೋ, ಕಣ್ಣಾರೆ ನೋಡಿದೀನಿ, ಅವ್ನು ಒದ್ದಿದ್ದು ಆಚೆ ಗೋಧಿ ಹೊಲದಿಂದ" ಎನ್ನುತ್ತಾಳೆ.

ಚೆಂಡನ್ನು ಕೈಯಲ್ಲಿ ಹಿಡಿದೂ ಆಡುವ ನಮ್ಮ ಆಸ್ಟ್ರೇಲಿಯದ ಫುಟ್‌ಬಾಲಿನಲ್ಲಿ ಗೋಲಿಗೆ ಆರು ಪಾಯಿಂಟ್, ನಾವು ನಾಲ್ಕರಿಂದ ಮುಂದೆ. ಮೈದಾನದ ಬೇಲಿಗೆ ಮೂತಿ ಹಚ್ಚಿ ನಿಂತ ಕಾರುಗಳೆಲ್ಲ ಒಟ್ಟಿಗೆ ಹಾರ್ನ್ ಹೊಡೆಯುವುದೇ ನಮ್ಮ ಕಡೆಯ ಚಪ್ಪಾಳೆ. ಸರಿಯಾಗಿ ಆಗಲೇ ಸಮಯ ಮುಗಿದು, ಸಮಯಪಾಲಕ ವಿಲ್ಫ್ ಪ್ಯಾಸ್ಕೋ ಅವರು ತಮ್ಮ ಗುಂಡಿ ಒತ್ತಿದರು. ತಾವು ಕೂಗಿದಿರಂತೆ. ಎಂತಹ ಸೌಜನ್ಯ ತಮ್ಮದು, ಸಂಭ್ರಮದಲ್ಲಿದ್ದ ಒಬ್ಬರಿಗೂ ತೊಂದರೆಯಾಗದಂತೆ ಕೂಗಿದಿರಿ. ನಮ್ಮ ಆಟ ಮುಗಿಯುವುದು ತಾವು ಕೂಗಿದಾಗಲ್ಲ, ಅಂಪೈರ್ ಅದನ್ನು ಕೇಳಿ ಎರಡೂ ಕೈ ಎತ್ತಿದಾಗ. ಅವರಿಗೆ ಕೇಳಿಸಲಿಲ್ಲ. ಆಟ ಮತ್ತೆ ಶುರುಮಾಡಲು ನಡುಮೈದಾನದಲ್ಲಿ ಚೆಂಡು ಪುಟಿಸಿಯೇ ಬಿಟ್ಟರು. ಬ್ರಿಮ್‌ಟನ್ನಿನ ಉದ್ದನೆಯವನೊಬ್ಬ ಅದನ್ನು ತಟ್ಟಿದ, ಇನ್ನೊಬ್ಬ ಓಡಿದ, ಮತ್ತೊಬ್ಬ ಒದ್ದ. ನಾವು ಎರಡು ಪಾಯಿಂಟಿನಿಂದ ಸೋತೆವು.

ತಮ್ಮನ್ನು ಬೈದು ಸಾಕಾದ ಜನ ಗೂಡಿನ ಕೆಳಗೆ ನಿಂತು, "ಏನಯ್ಯಾ ವಿಲ್ಫ್, ಗುಂಡಿ ಒತ್ತೋಕೂ ಬರಲ್ವಾ? ನಿದ್ದೆ ಹೊಡೀತಿದ್ಯಾ?" ಎಂದು ಕೂಗಿದರು. "ಒತ್ಕೊಂಡೇ ಇದ್ದೆ ಕಣ್ರೋ, ಬೆರಳು ತೆಗೀಲೇ ಇಲ್ಲ" ಎಂದಷ್ಟೇ ಹೇಳಿ, ಅವರು ಗಡಿಯಾರವನ್ನು ಮೇಜಿನ ಮೇಲಿಟ್ಟು ಇಳಿದು ಹೋದರು. ಮೈದಾನದ ಎದುರೇ ಮನೆ, ಆದರೂ ಮತ್ತೆ ಒಳಗೆ ಕಾಲಿಟ್ಟಿಲ್ಲ. ಪಂದ್ಯವಿದ್ದ ದಿನವೆಲ್ಲ ನಮಗೆ ಬೆನ್ನು ಹಾಕಿ ಗುಲಾಬಿ ಗಿಡ ಕತ್ತರಿಸುತ್ತಾರೆ. ಅದರಲ್ಲಿ ಕತ್ತರಿಸಲು ಈಗ ಏನೂ ಉಳಿದಿಲ್ಲ.

ಹೀಗಾಗಿ ತಮ್ಮಲ್ಲಿ ನನ್ನ ವಿನಂತಿಯೇನೆಂದರೆ, ಇಳಿಯುವ ಮುನ್ನ ತಾವು ಇನ್ನೊಮ್ಮೆ, ಇಪ್ಪತ್ತೆರಡು ವರ್ಷ ಹಿಂದಕ್ಕೆ ಕೇಳಿಸುವಷ್ಟು ಜೋರಾಗಿ ಕೂಗಬೇಕು. ಅದು ಕಷ್ಟವೆನಿಸಿದರೆ, ಚೆಂಡು ನಡುಮೈದಾನಕ್ಕೆ ಬರುವಷ್ಟರಲ್ಲಿ ಎಲ್ಲ ಹಾರ್ನುಗಳೂ ನಿಂತರೂ ನಿಲ್ಲದೆ ಹೊಡೆದುಕೊಳ್ಳುತ್ತಿದ್ದ ಆ ಒಂದು ಹಾರ್ನ್ ಯಾವ ಕಾರಿನದೆಂದಾದರೂ ತಿಳಿಸಬೇಕು. ಅದು ಬ್ರಿಮ್‌ಟನ್ನಿನವರ ಕುತಂತ್ರವೆಂದು ಅರ್ಧ ಊರು ಇಂದಿಗೂ ಆಣೆ ಹಾಕುತ್ತದೆ.

ತಾವು ಹೇಳಲಾರಿರಿ, ಗೊತ್ತು. ಆದರೆ ತಮ್ಮ ಗೂಡಿನ ಕೆಳಗೇ ನಿಂತಿದ್ದ ಬಿಳಿ ಕಾರು ತಮಗೆ ಕಾಣದೇ ಇರಲಿಲ್ಲ. ಅದರೊಳಗೆ ಸ್ಟೀರಿಂಗಿನ ಮೇಲೆ ಎರಡೂ ಮೊಣಕೈ ಊರಿ ಅಳುತ್ತಿದ್ದವಳು ನಾನು. ಹನ್ನೊಂದು ವರ್ಷಕ್ಕೊಂದು ಗೋಲ್, ಹೊಡೆದವನು ನನ್ನವನು, ನನಗೆ ಹಾರ್ನಿನ ಮೇಲಿಂದ ಕೈ ತೆಗೆಯಲಾಗಲಿಲ್ಲ. ಆಮೇಲೆ ವಿಲ್ಫ್ ಅವರನ್ನು ಬೈಯುತ್ತಿದ್ದಾಗ ಕಿಟಕಿಯ ಗಾಜು ಏರಿಸಿಕೊಂಡೆ. ಅಂದಿನಿಂದ ತಮ್ಮನ್ನು ಎಲ್ಲರಿಗಿಂತ ಜೋರಾಗಿ ಶಪಿಸಿದವಳೂ ನಾನೇ. ಮೊನ್ನೆ ಊಟಕ್ಕೆ ಕೂತಾಗ ಬೆವನ್‌ಗೆ ಹೇಳಿದೆ. ಅವನು ತಟ್ಟೆಯಿಂದ ಕಣ್ಣೆತ್ತದೆ, "ನಮ್ಮ ಕಾರಿನ ಹಾರ್ನ್ ನಂಗೆ ಗೊತ್ತಾಗಲ್ವೇನೇ? ನೀನೇ ಹೇಳ್ಲಿ ಅಂತ ಸುಮ್ನಿದ್ದೆ" ಎಂದ. ನಮ್ಮಿಬ್ಬರ ಬಗ್ಗೆಯೂ ನನಗೆ ನಾಚಿಕೆಯಾಗಿದೆ.

ತಮಗಿಂತ ಗಟ್ಟಿ ದನಿಯಿದ್ದೂ ಇಷ್ಟು ವರ್ಷ ಬಾಯಿ ಬಿಡದ
ತಮ್ಮ ವಿಶ್ವಾಸಿ,
ಥೆಲ್ಮಾ ರಾಡ್‌ವೆಲ್

ತಾ.ಕ.: ಆ ಬಿಳಿ ಕಾರು ಇನ್ನೂ ನಮ್ಮ ಶೆಡ್ಡಿನಲ್ಲಿದೆ. ಎಂಜಿನ್ ಸತ್ತಿದೆ, ಹಾರ್ನ್ ಮಾತ್ರ ಗಟ್ಟಿಮುಟ್ಟಾಗಿದೆ. ಕೊನೆಯ ಸಲ ತಮ್ಮ ಗುಂಡಿ ಒತ್ತಬೇಕಾದವರು ವಿಲ್ಫ್ ಅವರೇ. ಆದ್ದರಿಂದ ಅವರನ್ನು ಕರೆಯಲು ಶನಿವಾರ ಬೆವನ್ ಆ ಕಾರನ್ನು ಅವರ ಗೇಟಿನವರೆಗೆ ತಳ್ಳುತ್ತಾನೆ, ನಾನು ಹಾರ್ನ್ ಒತ್ತುತ್ತೇನೆ. ಅವರು ಹೊರಗೆ ಬಂದು ಎರಡೂ ಕೈ ಎತ್ತುವವರೆಗೆ ಬಿಡುವುದಿಲ್ಲ, ನಿಯಮ ಹಾಗಿದೆ. ಅಷ್ಟು ಹೊತ್ತು ತಾವು ದಯವಿಟ್ಟು ಯಾರಿಗೂ ಕೇಳಿಸದಂತೆ ಇರಬೇಕು. ತಮಗೆ ಅದೇನೂ ಹೊಸದಲ್ಲ.