ಎಂದೂ ಇರದಿದ್ದ ಪ್ರೌಢಶಾಲೆಯ ಇತಿಹಾಸ

ಪೇಟೆಬೀದಿಯ ಸರ್ಕಾರಿ ಪ್ರೌಢಶಾಲೆ ಎಂದೂ ಇರಲಿಲ್ಲವೆಂಬುದು ಈಗ ಅಧಿಕೃತವಾಗಿ ದೃಢಪಟ್ಟಿದೆ. ಅದು ಎಪ್ಪತ್ತೊಂದು ವರ್ಷ ನಡೆಯಿತೆಂಬುದು ಬೇರೆ ಮಾತು.

ಆದದ್ದಿಷ್ಟು. ಶಾಲೆ ಮುಚ್ಚುವ ಮೊದಲು ಪೋಷಕರ ಸಭೆ ಕರೆದು ಒಪ್ಪಿಗೆ ಪಡೆಯಬೇಕೆಂದು ನಿಯಮವಿದೆ. ಶಿಕ್ಷಣಾಧಿಕಾರಿಗಳು ಮೊದಲು ಶಾಲೆ ಮುಚ್ಚಿ, ಜಾಗವನ್ನು ಭಾವಮೈದುನನ ಕಾರ್ ಷೋರೂಮಿಗೆ ಕೊಟ್ಟು, ಆಮೇಲೆ ನಿಯಮ ಓದಿದರು. ತಪ್ಪು ತಿದ್ದಲು ಎರಡು ದಾರಿಗಳಿದ್ದವು: ಶಾಲೆಯನ್ನು ಮತ್ತೆ ತೆರೆಯುವುದು, ಇಲ್ಲವೇ ತೆರೆದೇ ಇರಲಿಲ್ಲವೆಂದು ಸಾಧಿಸುವುದು. ಷೋರೂಮಿಗೆ ಆಗಲೇ ಗಾಜು ಕೂರಿಸಿಯಾಗಿತ್ತು. ಆದ್ದರಿಂದ ಇತಿಹಾಸ ಸಮಿತಿಯ ನೇಮಕವಾಯಿತು.

ಸಮಿತಿಯ ವರದಿಯಲ್ಲಿ ಗೊಂದಲಕ್ಕೆ ಎಡೆಯಿರಲಿಲ್ಲ. ಸದರಿ ಕಟ್ಟಡಕ್ಕೆ ಮಕ್ಕಳು ದಿನವೂ ಹತ್ತು ಗಂಟೆಗೆ ನೆರಳಿಗೆಂದು ಬರುತ್ತಿದ್ದರು, ನಾಲ್ಕೂವರೆಗೆ ನೆರಳು ಸಾಕೆನಿಸಿ ಹೋಗುತ್ತಿದ್ದರು. ಕೆಲವು ವಯಸ್ಕರು ಅವರೆದುರು ನಿಂತು ತಮ್ಮಷ್ಟಕ್ಕೆ ಮಾತಾಡಿಕೊಳ್ಳುತ್ತಿದ್ದರು. ಹೆಚ್ಚಿನ ಪುರಾವೆ ದೊರೆತಿಲ್ಲ.

ಬೆನ್ನಿಗೇ ಸುತ್ತೋಲೆ ಬಂತು: "ಇಲ್ಲದ ಶಾಲೆಯಿಂದ ಪಡೆದ ವಿದ್ಯೆಯನ್ನು ಹದಿನೈದು ದಿನದೊಳಗೆ ಹಿಂದಿರುಗಿಸತಕ್ಕದ್ದು. ತಪ್ಪಿದಲ್ಲಿ ನೌಕರಿ ರದ್ದು."

ಸರ್ಕಾರಿ ಆಸ್ಪತ್ರೆಯ ದೊಡ್ಡ ನರ್ಸಮ್ಮ ಶಿಕ್ಷಣಾಧಿಕಾರಿಗಳ ಕಚೇರಿಗೆ ಓಡಿಬಂದರು. ಮೂವತ್ತು ವರ್ಷದ ನೌಕರಿ. ಮನೆಯಲ್ಲಿ ಹಾಸಿಗೆ ಹಿಡಿದ ಗಂಡ.

"ಸಾರ್, ನಾನು ಅಲ್ಲೇ ಓದಿದ್ದು."

"ಎಲ್ಲಿ?"

"ನಿಮ್ಮಕ್ಕನ ಪಕ್ಕದಲ್ಲಿ ಕೂತು! ಅವಳು ನನ್ನ ಲೆಕ್ಕಾನೇ ಕಾಪಿ ಹೊಡೀತಿದ್ದಿದ್ದು."

"ಅಕ್ಕಂದು ಬಿಡಿ ಅಮ್ಮ, ನಾನೂ ಅಲ್ಲೇ ಓದಿದ್ದು. ಈಗ ಓದಿಲ್ಲ. ನಾನೇನು ಬಾಯಿ ಬಡ್ಕೊಳ್ತಿದೀನಾ?"

"ಮತ್ತೆ ನಿಮ್ಮ ಕುರ್ಚಿ?"

"ಸುತ್ತೋಲೆಗೆ ಸಹಿ ಹಾಕಿದವರಿಗೆ ವಿನಾಯಿತಿ ಇದೆ."

ಗುಮಾಸ್ತರು ನಮೂನೆ ಕೊಟ್ಟರು. ನರ್ಸಮ್ಮ ನಿಟ್ಟುಸಿರು ಬಿಟ್ಟು ತುಂಬಿದರು: ಬೀಜಗಣಿತ, ಎರಡು ಪದ್ಯ, ಕಪ್ಪೆಯ ಹೃದಯ, ದಶಮಾಂಶ.

"ಕಪ್ಪೆ ಹೃದಯಕ್ಕೆ ಎಷ್ಟು ಕೋಣೆ?" ಗುಮಾಸ್ತರು ತಟ್ಟನೆ ಕೇಳಿದರು.

"ಮೂ... ಗೊತ್ತಿಲ್ಲ."

"ಜಾಣೆ. ರಸೀದಿ ತಗೊಳ್ಳಿ."

ನೌಕರಿ ಉಳಿಯಿತು. ಮರುದಿನ ನರ್ಸಮ್ಮ ಎಂದಿನಂತೆ ವಾರ್ಡಿಗೆ ಬಂದು, ಉಬ್ಬಸದಿಂದ ಏದುತ್ತಿದ್ದ ಬಸ್ ಚಾಲಕನ ಮುಂದೆ ಸಿರಿಂಜ್ ಹಿಡಿದು ನಿಂತರು. ಹಿಂದಿರುಗಿಸಿದ ವಿದ್ಯೆಯನ್ನು ಯಾರಾದರೂ ಬಳಸಿದರೆ ವರದಿ ಮಾಡಲು ಬಾಗಿಲಲ್ಲಿ ತಪಾಸಣೆಯವನೊಬ್ಬನನ್ನು ಕೂರಿಸಿದ್ದರು.

"ಡಾಕ್ಟರು ಸೊನ್ನೆ ಚುಕ್ಕಿ ಐದು ಅಂತ ಬರ್ದಿದಾರೆ. ಹಾಗಂದ್ರೆ ಎಷ್ಟಪ್ಪಾ?"

"ಅರ್ಧ ಅಲ್ವಾ ಸಿಸ್ಟರ್... ಅಯ್ಯೋ, ನಾನೂ ಅಲ್ಲೇ ಓದಿದ್ದು! ಹೇಳಬಾರದಿತ್ತು."

"ನನಗೆ ಕೇಳಿಸಲಿಲ್ಲ ಬಿಡಿ," ಎಂದ ನರ್ಸಮ್ಮ ಬಾಗಿಲ ಕಡೆ ನೋಡಿದರು. ತಪಾಸಣೆಯವನು ಏನೋ ಬರೆದುಕೊಳ್ಳುತ್ತಿದ್ದ.

ಪಕ್ಕದ ಹಾಸಿಗೆಯವರನ್ನು ಕೇಳಿದರು. ಅವರೂ ವಿದ್ಯೆ ಹಿಂದಿರುಗಿಸಿದ್ದರು. ಹದಿನಾಲ್ಕು ಹಾಸಿಗೆಗಳಲ್ಲಿ ಹದಿಮೂರು ಮಂದಿ ಅದೇ ಶಾಲೆಯವರು. ಕೊನೆಯ ಹಾಸಿಗೆಯಲ್ಲಿ ಮಾತ್ರ ಬೇರೆ ಊರಲ್ಲಿ ಓದಿ ಬಂದ ಮುದುಕಿಯೊಬ್ಬರಿದ್ದರು. ಅವರಿಗೆ ಒಳ್ಳೆಯ ನಿದ್ದೆ.

"ಮಲಗಿರೋರನ್ನ ಎಬ್ಬಿಸಬಾರದು, ಪಾಪ," ಎಂದಿತು ವಾರ್ಡು.

ಎಲ್ಲರೂ ತಾಳ್ಮೆಯಿಂದ ಕಾಯುತ್ತಿದ್ದಾರೆ. ಚಾಲಕನ ಉಸಿರು ಮಾತ್ರ ಸ್ವಲ್ಪ ಅವಸರ ಮಾಡುತ್ತಿದೆ.